8,028 ಟಿಕೆಟ್‌ಗಳ ಲೆಕ್ಕ

2019ರ ಅಕ್ಟೋಬರ್ 4ರ ಸಂಜೆ, ಮುಂಬೈನ ಎನ್‌ಎಸ್‌ಸಿಐ ಡೋಮ್. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಭಾರತದಲ್ಲಿ ಆಡಿಸಿದ ಮೊದಲ ಪಂದ್ಯ. ಟಿವಿ ಮುಂದೆ ಕೂತವರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಿದ್ದರು: "ಲೇಕರ್ಸ್ ಇಲ್ವಾ? ಇವು ಯಾವ ಊರಿನ ಟೀಮು?" ಒಂದು ಕಡೆ ಸ್ಯಾಕ್ರಮೆಂಟೊ ಕಿಂಗ್ಸ್, ಇನ್ನೊಂದು ಕಡೆ ಇಂಡಿಯಾನಾ ಪೇಸರ್ಸ್. ಕಿಂಗ್ಸ್ ಬಂದದ್ದಕ್ಕೆ ಕಾರಣ ಸುಲಭ. ಅದರ ಮುಖ್ಯ ಮಾಲೀಕ ವಿವೇಕ್ ರಣದಿವೆ ಮುಂಬೈನಲ್ಲೇ ಹುಟ್ಟಿದವರು. ಮೊದಲ ದಿನ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ ಪೇಸರ್ಸ್ 132-131ರಲ್ಲಿ ಗೆದ್ದಿತು. ಮರುದಿನ 130-106, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

"ಯಾವ ಊರಿನ ಟೀಮು" ಅನ್ನುವ ಪ್ರಶ್ನೆಗೆ ಮಾತ್ರ ಉತ್ತರ ಉದ್ದ. ಪೇಸರ್ಸ್ ಇಂಡಿಯಾನಾಪೊಲಿಸ್ ತಂಡ. ಸುತ್ತಮುತ್ತಲ ಪ್ರದೇಶ ಸೇರಿದರೆ ಸುಮಾರು 20 ಲಕ್ಷ ಜನ. ನಮ್ಮ ಲೆಕ್ಕದಲ್ಲಿ ದೊಡ್ಡ ಊರೇ, ಎನ್‌ಬಿಎ ಲೆಕ್ಕದಲ್ಲಿ 'ಸ್ಮಾಲ್ ಮಾರ್ಕೆಟ್'. ಅಲ್ಲಿ ಊರಿನ ದೊಡ್ಡಸ್ತಿಕೆ ಅಳೆಯುವುದು ಟಿವಿ ಇರುವ ಮನೆಗಳಿಂದ. ರಾಷ್ಟ್ರಮಟ್ಟದ ಪ್ರಸಾರದ ಹಣ ಎಲ್ಲ ತಂಡಗಳಿಗೂ ಸಮವಾಗಿ ಹಂಚಿಕೆಯಾಗುತ್ತದೆ, ಆದರೆ ಸ್ಥಳೀಯ ಪ್ರಸಾರದ ಒಪ್ಪಂದ ಆಯಾ ತಂಡದ್ದು. ಲೇಕರ್ಸ್‌ನ ಊರಾದ ಲಾಸ್ ಏಂಜಲೀಸಿಗೂ ಇಂಡಿಯಾನಾಪೊಲಿಸಿಗೂ ಅಂತರ ಬೀಳುವುದು ಇಲ್ಲೇ. ಆ ಕೊರತೆ ತುಂಬಬೇಕಾದದ್ದು ಗೇಟಿನಲ್ಲಿ ಬರುವ ಟಿಕೆಟ್ ದುಡ್ಡು.

ತಂಡ ಹುಟ್ಟಿದ್ದು 1967ರಲ್ಲಿ, ಎಬಿಎ ಎಂಬ ಬೇರೆಯೇ ಲೀಗಿನಲ್ಲಿ. ಕೆಂಪು-ಬಿಳಿ-ನೀಲಿ ಚೆಂಡು, ಮೂರು ಪಾಯಿಂಟಿನ ಗೆರೆ, ಎಲ್ಲ ಅಲ್ಲಿದ್ದವು. ಆ ಗೆರೆಯನ್ನು ಎನ್‌ಬಿಎ ಒಪ್ಪಿಕೊಂಡದ್ದು 1979ರಲ್ಲಿ. ಪೇಸರ್ಸ್ ಸಹಿ ಹಾಕಿಸಿಕೊಂಡ ಮೊದಲ ಆಟಗಾರ ರೋಜರ್ ಬ್ರೌನ್. ಜೂಜುಕೋರನೊಬ್ಬನ ಪರಿಚಯ ಇತ್ತು ಅನ್ನುವ ಕಾರಣಕ್ಕೆ ಎನ್‌ಬಿಎ ಅವರನ್ನು ದೂರ ಇಟ್ಟಿತ್ತು. ಅಪರಾಧ ಯಾವುದೂ ಸಾಬೀತಾಗಿರಲಿಲ್ಲ. ಡೇಟನ್‌ನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಮನುಷ್ಯ 1970ರ ಫೈನಲ್ ಸರಣಿಯ ಒಂದೇ ಪಂದ್ಯದಲ್ಲಿ 53 ಪಾಯಿಂಟ್ ಹೊಡೆದರು. ಬಾಬಿ 'ಸ್ಲಿಕ್' ಲೆನರ್ಡ್ ತರಬೇತಿಯಲ್ಲಿ 1970, 1972, 1973ರಲ್ಲಿ ಕಪ್ ಬಂತು. ದೊಡ್ಡವರು ಬೇಡವೆಂದವರನ್ನು ಹುಡುಕಿ ತರುವುದು ಸಣ್ಣ ತಂಡದ ಹಳೆಯ ಉಪಾಯ, ಅಲ್ಲಿ ಅದು ಫಲಿಸಿತು.

ಕಷ್ಟ ಶುರುವಾದದ್ದು ಎನ್‌ಬಿಎ ಬಾಗಿಲು ತೆರೆದಾಗ. 1976ರ ಜೂನ್‌ನಲ್ಲಿ ಎಬಿಎ ಮುಚ್ಚಿತು. ಪೇಸರ್ಸ್, ನಗೆಟ್ಸ್, ಸ್ಪರ್ಸ್, ನೆಟ್ಸ್ ನಾಲ್ಕೇ ತಂಡ ಒಳಗೆ ಬಂದವು. ಷರತ್ತುಗಳನ್ನು ಓದಿದರೆ ಬಡ್ಡಿ ಸಾಹುಕಾರನ ಪತ್ರ ನೆನಪಾಗುತ್ತದೆ. ಪ್ರವೇಶ ಶುಲ್ಕ ತಂಡಕ್ಕೆ 32 ಲಕ್ಷ ಡಾಲರ್. ಮೊದಲ ಕೆಲವು ಸೀಸನ್ ಟಿವಿ ಹಣದಲ್ಲಿ ಪಾಲಿಲ್ಲ. ಆ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜಿನ ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಕಲಾಪದಲ್ಲಿ, ಭಾಗವಿಲ್ಲ. ಇದಲ್ಲದೆ ಒಳಗೆ ಬರಲಾಗದ ಸೇಂಟ್ ಲೂಯಿಸ್ ತಂಡದ ಮಾಲೀಕರಾದ ಸಿಲ್ನಾ ಸೋದರರಿಗೆ ಈ ನಾಲ್ಕೂ ತಂಡಗಳು ತಮ್ಮ ಟಿವಿ ಪಾಲಿನ ಏಳನೇ ಒಂದು ಭಾಗ ಕೊಡಬೇಕು. ಎಷ್ಟು ವರ್ಷ? ಲೀಗ್ ಇರುವವರೆಗೂ. ಟಿವಿ ಹಣ ಆಗ ಪುಡಿಗಾಸು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಒಂದು ಸಾಲನ್ನು ಬಿಡಿಸಿಕೊಳ್ಳಲು 2014ರಲ್ಲಿ ಆದ ಒಪ್ಪಂದದ ಮೊತ್ತ ಸುಮಾರು 50 ಕೋಟಿ ಡಾಲರ್ ಎಂದು ವರದಿಯಾಯಿತು. ಎನ್‌ಬಿಎ ಅಂಗಳಕ್ಕೇ ಇಳಿಯದ ತಂಡಕ್ಕೆ!

ಮೊದಲ ಎನ್‌ಬಿಎ ಸೀಸನ್‌ನಲ್ಲಿ ಪೇಸರ್ಸ್ 36 ಗೆದ್ದು 46 ಸೋತಿತು. ಖಜಾನೆ ಖಾಲಿ. ಆಡಳಿತ ಬಾಯಿಬಿಟ್ಟು ಹೇಳಿತು: 1977ರ ಜುಲೈ ಮುಗಿಯುವುದರೊಳಗೆ 8,000 ಸೀಸನ್ ಟಿಕೆಟ್ ಮಾರಾಟವಾಗದಿದ್ದರೆ ತಂಡವನ್ನು ಮಾರುತ್ತೇವೆ, ಕೊಂಡವರು ಬೇರೆ ಊರಿಗೆ ಒಯ್ದರೆ ಒಯ್ಯಲಿ.

ಚಂದಾ ಎತ್ತದೆ ಸೀಸನ್ ಟಿಕೆಟ್ ಯಾಕೆ ಕೇಳಿದರು ಎಂಬುದನ್ನು ಗಮನಿಸಬೇಕು. ಚಂದಾ ಒಂದು ಸಲ ಬರುತ್ತದೆ, ಸಾಲ ತೀರಿಸುವುದರಲ್ಲೇ ಮುಗಿಯುತ್ತದೆ. ಸೀಸನ್ ಟಿಕೆಟ್ ಎಂದರೆ ತವರಿನ 41 ಪಂದ್ಯಗಳ ಕುರ್ಚಿಗೆ ಮುಂಗಡ ಹಣ. 8,000ವನ್ನು 41ರಿಂದ ಗುಣಿಸಿ: 3,28,000 ಕುರ್ಚಿ, ಸೀಸನ್ ಶುರುವಾಗುವ ಮೊದಲೇ ಮಾರಿದಂತೆ. ಮಳೆ ಬರಲಿ, ಹಿಮ ಬೀಳಲಿ, ತಂಡ ಸೋಲಲಿ, ಆ ದುಡ್ಡು ಕೈಯಲ್ಲಿದೆ. ಸಂಬಳದ ಲೆಕ್ಕ ಹಾಕಬಹುದು. ಆಗಿನ ಮಾರ್ಕೆಟ್ ಸ್ಕ್ವೇರ್ ಅರೀನಾದಲ್ಲಿ ಸುಮಾರು 17,000 ಕುರ್ಚಿ. 8,000 ಅಂದರೆ ಅರ್ಧವೂ ಅಲ್ಲ, ಉಳಿದದ್ದನ್ನು ದಿನದಿನ ಗೇಟಿನಲ್ಲೇ ಮಾರಬೇಕು. ಕೇಳಿದ್ದು ಬದುಕುಳಿಯುವಷ್ಟು, ಅದಕ್ಕಿಂತ ಹೆಚ್ಚಲ್ಲ.

ಪಂದ್ಯಗಳನ್ನು ಪ್ರಸಾರ ಮಾಡುತ್ತಿದ್ದ ಸ್ಥಳೀಯ ವಾಹಿನಿ ಡಬ್ಲ್ಯುಟಿಟಿವಿ ಹದಿನಾರೂವರೆ ಗಂಟೆ ಬಿಟ್ಟುಕೊಟ್ಟಿತು. ಅಮೆರಿಕದಲ್ಲಿ ಇದಕ್ಕೆ ಟೆಲಿಥಾನ್ ಅನ್ನುತ್ತಾರೆ: ಕ್ಯಾಮೆರಾ ಮುಂದೆ ಬಿಡದೆ ಕಾರ್ಯಕ್ರಮ, ಜತೆಗೆ ಸಾಲಾಗಿ ಫೋನು, ಕರೆ ಬಂದಂತೆ ಹೆಸರು ಬರೆದುಕೊಳ್ಳುವ ಜನ. ಮುಂದೆ ನಿಂತು ನಡೆಸಿದವರು ಕೋಚ್ ಲೆನರ್ಡ್ ಅವರ ಹೆಂಡತಿ ನ್ಯಾನ್ಸಿ ಲೆನರ್ಡ್. ಅದು ಮುಗಿದದ್ದು ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ. ರಜೆ, ಜನ ಮನೆಯಲ್ಲಿ. ದಿನ ಆರಿಸಿದವರಿಗೆ ಬುದ್ಧಿ ಇತ್ತು ಅನ್ನಬೇಕು. ಇಂಥ ಕಾರ್ಯಕ್ರಮದಲ್ಲಿ ನಡುವಿನ ಗಂಟೆಗಳೇ ಕಷ್ಟ. ಮೊದಲು ಅಭಿಮಾನಿಗಳು ಕೊಂಡಾಗಿರುತ್ತದೆ, ಉಳಿದವರು 'ನೋಡೋಣ' ಅಂತ ಕೂತಿರುತ್ತಾರೆ. ಅಂದೂ ಮಾರಾಟ ಏರಿದ್ದು ಕೊನೆಯ ಗಂಟೆಗಳಲ್ಲಿ. ಮುಗಿಯಲು ಹತ್ತು ನಿಮಿಷ ಇದ್ದಾಗ ಅಂಕಿ ಹೊರಬಿತ್ತು: 8,028. ಗುರಿಗಿಂತ 28 ಹೆಚ್ಚು.

ಊರು ಉಳಿಸಿಕೊಂಡಿತು, ಆದರೆ ಟಿಕೆಟ್ ಹಣದಿಂದ ತಂಡ ಕಟ್ಟಲಾಗುವುದಿಲ್ಲ. ಮುಂದಿನ ತಪ್ಪುಗಳೆಲ್ಲ ಆತುರದವು. 1978ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಪೇಸರ್ಸ್ ಕೈಯಲ್ಲಿತ್ತು. ಇಂಡಿಯಾನಾದ ಫ್ರೆಂಚ್ ಲಿಕ್‌ನ ಹುಡುಗ ಲ್ಯಾರಿ ಬರ್ಡ್ ಆಯ್ಕೆಗೆ ಅರ್ಹ, ಆದರೆ ಇನ್ನೊಂದು ವರ್ಷ ಕಾಲೇಜಿನಲ್ಲೇ ಆಡುವವನು. ಒಂದು ವರ್ಷ ಕಾಯುವ ಶಕ್ತಿ ತಂಡಕ್ಕಿರಲಿಲ್ಲ. ಈ ಸೀಸನ್ನಿಗೇ ಆಟಗಾರ ಬೇಕು. ಆಯ್ಕೆಯನ್ನು ಪೋರ್ಟ್‌ಲೆಂಡಿಗೆ ಕೊಟ್ಟು ಜಾನಿ ಡೇವಿಸ್‌ರನ್ನೂ ಮೂರನೇ ಆಯ್ಕೆಯನ್ನೂ ತಂದರು. ಆರನೇ ಸರದಿಯಲ್ಲಿ ಬರ್ಡ್ ಬಾಸ್ಟನ್ ಪಾಲಾದ. ಬಾಸ್ಟನ್ನಿಗೆ ಕಾಯಲು ಆಗುತ್ತಿತ್ತು. 1980ರಲ್ಲಿ ಅಲೆಕ್ಸ್ ಇಂಗ್ಲಿಷ್‌ರನ್ನು ಡೆನ್ವರಿಗೆ ಕೊಟ್ಟು ಹಳೆಯ ನೆಚ್ಚಿನ ಜಾರ್ಜ್ ಮೆಕ್‌ಗಿನ್ನಿಸ್‌ರನ್ನು ವಾಪಸ್ ಕರೆತಂದರು. ಮೆಕ್‌ಗಿನ್ನಿಸ್ ಆಟ ಇಳಿಮುಖವಾಗಿತ್ತು, ಇಂಗ್ಲಿಷ್ ಆ ದಶಕದಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದರು. 1981ರಲ್ಲಿ ಟಾಮ್ ಓವೆನ್ಸ್‌ಗಾಗಿ 1984ರ ಮೊದಲ ಸುತ್ತಿನ ಆಯ್ಕೆಯನ್ನು ಬಿಟ್ಟುಕೊಟ್ಟರು. ಅದು ಒಟ್ಟಾರೆ ಎರಡನೆಯದಾಯಿತು. ಮೂರನೆಯದರಲ್ಲಿ ಹೋದವರು ಮೈಕಲ್ ಜೋರ್ಡನ್.

1983ರಲ್ಲಿ ಮೇಯರ್ ವಿಲಿಯಂ ಹಡ್ನಟ್ ಒತ್ತಾಯಕ್ಕೆ ಮಣಿದು ಮಾಲ್ ಕಟ್ಟುವ ಸೈಮನ್ ಸೋದರರು ತಂಡ ಕೊಂಡರು. ಅಲ್ಲಿಂದ ಉಸಿರು ಬಂತು. 1987ರಲ್ಲಿ ಊರಿನವರೆಲ್ಲ ಇಂಡಿಯಾನಾ ವಿಶ್ವವಿದ್ಯಾಲಯದ ಸ್ಟೀವ್ ಆಲ್ಫರ್ಡ್ ಬೇಕೆನ್ನುವಾಗ ತಂಡ 11ನೇ ಆಯ್ಕೆಯಲ್ಲಿ ಕ್ಯಾಲಿಫೋರ್ನಿಯಾದ ರೆಜಿ ಮಿಲ್ಲರ್‌ರನ್ನು ತೆಗೆದುಕೊಂಡಿತು. ಬೈದರು. ಮಿಲ್ಲರ್ 18 ಸೀಸನ್ ಅಲ್ಲೇ ಆಡಿದರು. ಕೈತಪ್ಪಿದ್ದ ಬರ್ಡ್ ಕೋಚ್ ಆಗಿ ಬಂದು 2000ದಲ್ಲಿ ಫೈನಲ್ ಮುಟ್ಟಿಸಿದರು. ಲೇಕರ್ಸ್ ಎದುರು 4-2ರಿಂದ ಸೋಲು. 1999ರಲ್ಲಿ ಹೊಸ ಅರೀನಾ. ಅದರ ಒಡೆತನ ಸರ್ಕಾರಿ ಮಂಡಳಿಯದು, ದುರಸ್ತಿಗೂ ಜನರ ತೆರಿಗೆ ಹಣ. 2019ರ ಒಪ್ಪಂದದಂತೆ ತಂಡ 2044ರವರೆಗೆ ಊರು ಬಿಡುವಂತಿಲ್ಲ. 1977ರಲ್ಲಿ ಕೊಂಡವನಿಗೆ ಕುರ್ಚಿಯಾದರೂ ಸಿಕ್ಕಿತ್ತು. ಈಗ ಪಂದ್ಯ ನೋಡದವನೂ ಕೊಡುತ್ತಾನೆ. ನನಗೆ ಹಳೆಯ ಪದ್ಧತಿಯೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಈಗ ಮುಂಬೈಗೆ ವಾಪಸ್. ಅಂದು ಪೇಸರ್ಸ್ ಪರ ಡೊಮಂಟಾಸ್ ಸಬೋನಿಸ್, ಕಿಂಗ್ಸ್ ಪರ ಬಡ್ಡಿ ಹೀಲ್ಡ್ ಆಡುತ್ತಿದ್ದರು. 2022ರ ಫೆಬ್ರವರಿಯಲ್ಲಿ ಇಬ್ಬರೂ ಅದಲುಬದಲಾದರು. ಹೀಲ್ಡ್ ಜತೆಗೆ ಬಂದವರು ಟೈರೀಸ್ ಹ್ಯಾಲಿಬರ್ಟನ್. ದೊಡ್ಡ ತಾರೆ ತಾನಾಗಿ ಈ ಊರುಗಳಿಗೆ ಬರುವುದು ಅಪರೂಪ, ಹಾಗಾಗಿ ಎರಡು ಸಣ್ಣ ತಂಡಗಳು ತಂತಮ್ಮಲ್ಲೇ ವಿನಿಮಯ ಮಾಡಿಕೊಂಡವು. ಸಬೋನಿಸ್ ಜತೆ ಕಿಂಗ್ಸ್ 2023ರಲ್ಲಿ 16 ಸೀಸನ್‌ಗಳ ಬರ ಮುರಿದು ಪ್ಲೇಆಫ್ ತಲುಪಿತು. ಹ್ಯಾಲಿಬರ್ಟನ್ ಜತೆ ಪೇಸರ್ಸ್ 2025ರ ಫೈನಲ್‌ನ ಏಳನೇ ಪಂದ್ಯದವರೆಗೂ ಹೋಯಿತು, ಎದುರಾಳಿ ಇನ್ನೊಂದು ಸಣ್ಣ ಊರಿನ ಒಕ್ಲಹಾಮ ಸಿಟಿ. ಜೂನ್ 22ರಂದು ಮೊದಲ ಕ್ವಾರ್ಟರ್‌ನಲ್ಲೇ ಹ್ಯಾಲಿಬರ್ಟನ್ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು ಕೆಳಗೆ ಬಿದ್ದರು. 103-91ರಲ್ಲಿ ಸೋಲು. ವಾರ ಕಳೆಯುತ್ತಲೇ, 2015ರಿಂದ ತಂಡದಲ್ಲಿದ್ದ ಮೈಲ್ಸ್ ಟರ್ನರ್ ಮಿಲ್ವಾಕಿಗೆ ಹೊರಟರು. ಅದೂ ಸ್ಮಾಲ್ ಮಾರ್ಕೆಟ್ಟೇ.