ಚಪ್ಪಲಿ ಡಬ್ಬ ಹಾಕುತ್ತಿದ್ದ ಸರ್

ಸರ್ ತೀರಿಕೊಂಡರೆಂದು ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂದಾಗ ನಾನು ಬಾಗಲಕೋಟೆ ನವನಗರದ ನನ್ನ ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜನ ಸ್ಟಂಪಿಗೆ (ಕತ್ತರಿಸಿದ ಕಾಲಿನ ಉಳಿದ ಭಾಗಕ್ಕೆ) ಕ್ರೇಪ್ ಬ್ಯಾಂಡೇಜ್ ಸುತ್ತುತ್ತಿದ್ದೆ. ಎಂಟರ ಆಕಾರದಲ್ಲಿ, ತುದಿಗೆ ಬಿಗಿ, ಮೇಲೇರಿದಂತೆ ಸಡಿಲ. ಸುಮ್ಮನೆ ಗುಂಡಗೆ ಸುತ್ತಿದರೆ ರಕ್ತ ಕಟ್ಟುತ್ತದೆ. ಅದನ್ನು ಕಲಿಸಿದವರೂ ಅವರೇ. ಕೈ ನಡುವೆಯೇ ನಿಂತಿತು. “ಯಾಕ್ರೀ ಡಾಕ್ಟ್ರ, ಮರ್ತ್ರೇನು?” ಅಂದ ಅಜ್ಜ.

ವಿಜಯಪುರದಲ್ಲಿ ಫಿಜಿಯೋಥೆರಪಿ ಓದಿದ ನಾಲ್ಕು ವರ್ಷಗಳಲ್ಲಿ ಪರೀಕ್ಷೆಗೆ ಬರೆದದ್ದು ಬಹುಪಾಲು ಮರೆತಿದೆ. ಸರ್ ಮರೆತಿಲ್ಲ. ಕೃತಕ ಕಾಲು, ಕ್ಯಾಲಿಪರ್ (ಬಲವಿಲ್ಲದ ಕಾಲಿಗೆ ಕಟ್ಟುವ ಆಸರೆ) ಹಾಕಿಸಲು ಬಂದವರ ಫೈಲನ್ನು ಅವರು ಮೊದಲು ತೆರೆಯುತ್ತಿರಲಿಲ್ಲ. ಚಪ್ಪಲಿ ಡಬ್ಬ ಹಾಕಿ, ಅಂದರೆ ಬೋರಲು ತಿರುವಿ, ಅಟ್ಟೆ ನೋಡುತ್ತಿದ್ದರು. ಸವೆದದ್ದು ಹಿಮ್ಮಡಿಯ ಹೊರಗೋ, ಒಳಗೋ, ಬೆರಳ ತುದಿಗೋ? ಅದರಿಂದಲೇ ನಡಿಗೆ ಹೇಳಬೇಕು ನಾವು. ಒಮ್ಮೆ ಪೇಶಂಟಿನ ಹೆಂಡತಿ ತಡೆದಳು: “ಚಪ್ಪಲಿ ಡಬ್ಬ ಬಿದ್ರ ಮನ್ಯಾಗ ಜಗಳಾ ಆಗ್ತಾವ್ರೀ ಸರ್.” “ಆಗ್ಲಿ ಬಿಡವ್ವಾ, ಜಗಳಾಡಾಕರ ನಿನ್ನ ಗಂಡ ಎದ್ದ ನಿಂದರ್ತಾನಲ್ಲ!”

ಇಂಡಿ ಕಡೆಯ ಒಬ್ಬ ರೈತ, ಸಕ್ಕರೆ ಕಾಯಿಲೆಯಿಂದ ಮೊಣಕಾಲ ಕೆಳಗೆ ಕಾಲು ಕಳೆದುಕೊಂಡವನು, ಕೇಳಿದ್ದು ಒಂದೇ ಪ್ರಶ್ನೆ: “ಊಟಕ್ಕ ಚಕ್ಕಳಮಕ್ಕಳ ಹಾಕಿ ಕೂಡಾಕ ಬರ್ತೈತೇನ್ರೀ?” ಸರ್ ಖುಷಿಯಾದರು. ಇಂಥವರಿಗಾಗಿಯೇ 1968ರಲ್ಲಿ ಜೈಪುರ ಕಾಲು ಹುಟ್ಟಿತು, ಬರಿಗಾಲಲ್ಲಿ ಹೊಲಕ್ಕೂ ಹೋಗಬಹುದು ಎಂದು ಶುರುಮಾಡಿದರು. ಅದನ್ನು ಮಾಡಿದ ಕುಶಲಕರ್ಮಿ ರಾಮಚಂದ್ರ ಶರ್ಮಾರ ಹೆಸರನ್ನು ಮೊದಲು, ಡಾಕ್ಟರ್ ಪಿ.ಕೆ. ಸೇಠಿಯವರದನ್ನು ಆಮೇಲೆ ಹೇಳುವುದು ಅವರ ಹಟ. ಸಾಕೆಟ್‌ನಲ್ಲಿ, ಅಂದರೆ ಕೃತಕ ಕಾಲಿನಲ್ಲಿ ಸ್ಟಂಪು ಕೂರುವ ಬಟ್ಟಲಿನಲ್ಲಿ, ಭಾರ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೇಲೆ ಬೀಳಬೇಕು, ಹೊರಮಗ್ಗುಲಿನ ಎಲುಬಿನ ಗಂಟಿನ ಮೇಲಲ್ಲ. ನಡೆಸಿದ ಮೇಲೆ ಬಿಚ್ಚಿ ಚರ್ಮ ನೋಡಬೇಕು. ಕೆಂಪು ಹತ್ತು ನಿಮಿಷದಲ್ಲಿ ಇಳಿಯದಿದ್ದರೆ ಕಾಲು ವಾಪಸ್ ವರ್ಕ್‌ಶಾಪಿಗೆ. ಪೇಶಂಟ್ ಎಷ್ಟೇ “ನಡೀತೈತಿ ಬಿಡ್ರಿ” ಅಂದರೂ.

ಇನ್ನು ನಮ್ಮ ಹುಡುಗಾಟದ ಪ್ರತಾಪ. ಒಂದು ರಾತ್ರಿ ಹಾಸ್ಟೆಲಿನಲ್ಲಿ, ಕಾಲಿನ ಅಚ್ಚು ತೆಗೆಯುವ ಅಭ್ಯಾಸವೆಂದು ರೂಮ್‌ಮೇಟ್‌ನ ಕಾಲಿಗೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಸುತ್ತಿದೆವು. ವ್ಯಾಸಲೀನ್ ಹಚ್ಚುವುದು ಮರೆತಿತ್ತು. (ಮರೆತವನು ನಾನೇ, ಇಷ್ಟು ವರ್ಷ ಒಪ್ಪಿರಲಿಲ್ಲ.) ಬೆಳಿಗ್ಗೆ ಸರ್ ಮುಂದೆ ನಿಂತಾಗ ಬೈಗುಳ ಬರಲಿಲ್ಲ. ಬೆರಳು ಒತ್ತಿ ರಕ್ತ ಓಡಾಡುತ್ತಿದೆಯೇ ನೋಡಿ, “ಸಂಜೀಕ ಬಿಚ್ಚೂಣು. ಈಗ ಬಡಿಗಿ ಹಿಡಕೊಂಡು ಸಿಟಿ ಬಸ್ಸಿನ್ಯಾಗ ಸಿದ್ಧೇಶ್ವರ ಗುಡಿಗೆ ಹೋಗಿ ಬರ್ರಿ” ಎಂದರು. ಬಸ್ಸಿನ ಮೆಟ್ಟಿಲು ಅಷ್ಟು ಎತ್ತರವಿರುತ್ತದೆಂದು ಅವತ್ತೇ ಗೊತ್ತಾದದ್ದು. ಗುಡಿ ಮುಂದೆ ಒಬ್ಬ ಅಜ್ಜಿ ಅವನ ಕೈಗೆ ಎರಡು ರೂಪಾಯಿ ಹಾಕಿ ಹೋದಳು. ಸಂಜೆ ಪ್ಲಾಸ್ಟರ್ ರೋಮ ಸಮೇತ ಬಂತು. ಅವನ ಕಿರುಚು ಗೋಳಗುಮ್ಮಟದಲ್ಲಿ ಏಳು ಸಲ ಮಾರ್ದನಿಸಿರಬೇಕು.

ಈಗ ನನ್ನ ಹತ್ತಿರ ಬರುವ ಇಂಟರ್ನ್‌ಗಳು ಜಾಣರು. ವಿಡಿಯೋ ನೋಡಿ ಎಲ್ಲ ಗೊತ್ತು, ಸ್ಟಂಪಿನ ಫೋಟೋ ಚೆನ್ನಾಗಿ ತೆಗೆಯುತ್ತಾರೆ, ಮುಟ್ಟಲು ಮಾತ್ರ ಹಿಂಜರಿಯುತ್ತಾರೆ. ಜಮಖಂಡಿಯಿಂದಲೂ ಜನ ನನ್ನನ್ನೇ ಹುಡುಕಿಕೊಂಡು ಬರುವುದು ಫೋಟೋಕ್ಕಲ್ಲ ಎಂದು ಅವರಿಗೆ ಹೇಳುತ್ತಿರುತ್ತೇನೆ. ಜಂಬ ಅನ್ನಿಸಿದರೆ ಅನ್ನಿಸಲಿ.

ಮರುದಿನ ಸರ್ ಮನೆಗೆ ಹೋದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಗೋಡೆಯ ಪಕ್ಕಕ್ಕೆ ಅವರ ಹಳೆಯ ಕಂದು ಜೋಡು ಬೇರೆಯಾಗಿಯೇ ಇತ್ತು. ನಾಲ್ಕು ವರ್ಷದಲ್ಲಿ ನಮ್ಮಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಅತ್ತಿತ್ತ ನೋಡಿ ತಿರುವಿದೆ. ಎಡಗಾಲಿನದು, ಹಿಮ್ಮಡಿಯ ಹೊರಗಡೆ, ಹೊಲಿಗೆ ಕಾಣುವಷ್ಟು ಸವೆದಿತ್ತು.