ಡಡ್ಲಿಯ ಹುಡುಗ, ನಮ್ಮೂರಿನ ರೈಡರ್

ಇಂಗ್ಲೆಂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ, ಎಂಬತ್ತು ದಾಟಿದ ಇಂಗ್ಲಿಷ್ ಮನುಷ್ಯರನ್ನು ನನ್ನ ಮಗ ತಾತ ಎಂದೇ ಕರೆಯುತ್ತಾನೆ. ಪ್ರತಿ ವರ್ಷ ಫೆಬ್ರವರಿ 21ರಂದು ಅವರು ಹೂವು ಕೊಂಡು ಡಡ್ಲಿ ಪಟ್ಟಣದ ಸ್ಮಶಾನಕ್ಕೆ ಹೋಗುತ್ತಾರೆ. ಆ ಹೂವು ಅವರ ಹೆತ್ತವರಿಗಾಗಲಿ ಬಂಧುಗಳಿಗಾಗಲಿ ಅಲ್ಲ, 1958ರಲ್ಲಿ ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ ಡಂಕನ್ ಎಡ್ವರ್ಡ್ಸ್ ಎಂಬ ಫುಟ್‌ಬಾಲ್ ಆಟಗಾರನಿಗೆ. ಈ ವರ್ಷ ಮಗ ಹಟ ಮಾಡಿ ಅವರ ಜೊತೆ ಹೊರಟಿದ್ದರಿಂದ ನಾನೂ ಹೋದೆ. ಸಮಾಧಿಯ ಮುಂದೆ ನಿಂತ ಮಗ, ಮಕ್ಕಳೆಲ್ಲ ಕೇಳುವಂತೆಯೇ, "ಬದುಕಿದ್ದಿದ್ದರೆ ಇವರು ಮೆಸ್ಸಿಯಷ್ಟು ದೊಡ್ಡ ಆಟಗಾರ ಆಗುತ್ತಿದ್ದರಾ ತಾತ?" ಎಂದು ಕೇಳಿದ. ಅವರು ಹೂವನ್ನು ಸರಿಪಡಿಸುತ್ತಲೇ, "ನಾನು ನೋಡಿದ ದಿನವೇ ಅವನು ದೊಡ್ಡ ಆಟಗಾರನಾಗಿದ್ದ, ಮಗು" ಎಂದರು. ಮಗ ಅಲ್ಲಿಗೇ ಸುಮ್ಮನಾದ. ನನಗೆ ಮಾತ್ರ ಆ ಉತ್ತರವನ್ನು ಮರೆಯಲು ಆಗಿಲ್ಲ.

ಎಡ್ವರ್ಡ್ಸ್ ಹುಟ್ಟಿದ್ದು 1936ರಲ್ಲಿ, ಇದೇ ಡಡ್ಲಿಯಲ್ಲಿ. ಹದಿನಾರನೆಯ ವಯಸ್ಸಿನಲ್ಲೇ, 1953ರಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ನ ಮೊದಲ ತಂಡಕ್ಕೆ ಆಡಿದ. ಹದಿನೆಂಟು ತುಂಬಿದ ಮೇಲೆ 1955ರಲ್ಲಿ ಸ್ಕಾಟ್ಲೆಂಡಿನ ವಿರುದ್ಧ ಇಂಗ್ಲೆಂಡ್ ತಂಡದಲ್ಲಿ ಆಡಿದ, ಮತ್ತು ಮರುವರ್ಷ ಬರ್ಲಿನ್‌ನಲ್ಲಿ ಪಶ್ಚಿಮ ಜರ್ಮನಿಯ ಎದುರು ಗೋಲು ಹೊಡೆದ. ಅವನ ಕಾಲದಲ್ಲಿ ಯುನೈಟೆಡ್ ಸತತ ಎರಡು ಬಾರಿ ಇಂಗ್ಲೆಂಡಿನ ಲೀಗ್ ಗೆದ್ದಿತು. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ತಂಡದ ವಿಮಾನ ಅಪಘಾತಕ್ಕೀಡಾಗಿ ಇಪ್ಪತ್ಮೂರು ಮಂದಿ ಸತ್ತರು. ಅವರಲ್ಲಿ ಎಂಟು ಮಂದಿ ಯುನೈಟೆಡ್‌ನ ಆಟಗಾರರು. ಎಡ್ವರ್ಡ್ಸ್ ಹದಿನೈದು ದಿನ ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿದ್ದು ಕೊನೆಗೆ ತೀರಿಕೊಂಡ. ಅದೇ ವಿಮಾನದಲ್ಲಿದ್ದು ಬದುಕುಳಿದ ಬಾಬಿ ಚಾರ್ಲ್‌ಟನ್, ಮುಂದೆ ವಿಶ್ವಕಪ್ ಗೆದ್ದ ಮೇಲೂ, ತಾನು ಕಡಿಮೆಯವನೆಂದು ತನಗೆ ಅನ್ನಿಸಿದ್ದು ಡಂಕನ್‌ನ ಮುಂದೆ ಮಾತ್ರ ಎನ್ನುತ್ತಿದ್ದರು.

1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಎಡ್ವರ್ಡ್ಸ್‌ಗೆ ಇಪ್ಪತ್ತೊಂಬತ್ತು ವರ್ಷ ಆಗಿರುತ್ತಿತ್ತು, ಬಾಬಿ ಮೂರ್ ಬದಲು ಅವನೇ ನಾಯಕನಾಗಿ ಕಪ್ ಎತ್ತುತ್ತಿದ್ದ ಎಂದು ಇಲ್ಲಿನ ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ನಮ್ಮ ತಾತ ಆ ವಾದಕ್ಕೆ ಸೇರುವುದಿಲ್ಲ. ಅವರು ಹೇಳುವುದು ತಾವು ಚಿಕ್ಕ ಹುಡುಗನಾಗಿದ್ದಾಗ ವೆಸ್ಟ್ ಬ್ರಾಮ್‌ವಿಚ್‌ನ ಮೈದಾನದಲ್ಲಿ, ಅಪ್ಪ ಹೊತ್ತು ತಂದಿದ್ದ ಮರದ ಪೆಟ್ಟಿಗೆಯ ಮೇಲೆ ನಿಂತು ನೋಡಿದ್ದನ್ನು ಮಾತ್ರ: ಚಡ್ಡಿಯ ಅಂಚನ್ನು ಮೇಲಕ್ಕೆ ಮಡಚಿಕೊಂಡಿದ್ದ ಆ ದಪ್ಪ ತೊಡೆಗಳ ಹುಡುಗ, ಎರಡೂ ಕಾಲಿನಲ್ಲಿ ಒಂದೇ ಸಮನಾಗಿ ಚೆಂಡನ್ನು ಉದ್ದಕ್ಕೆ ಕಳಿಸುತ್ತ, ಒಂದು ಗಳಿಗೆ ರಕ್ಷಣೆಯಲ್ಲಿದ್ದು ಮರುಗಳಿಗೆ ಎದುರಾಳಿಯ ಗೋಲಿನ ಮುಂದೆ ಇರುತ್ತಿದ್ದನಂತೆ. ಡಡ್ಲಿಯ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಅವನ ಚಿತ್ರವಿರುವ ಬಣ್ಣದ ಗಾಜಿನ ಕಿಟಕಿಗಳನ್ನು 1961ರಲ್ಲಿ ಅವನ ಗುರು ಮ್ಯಾಟ್ ಬಸ್ಬಿಯೇ ಅನಾವರಣ ಮಾಡಿದರು. ಪೇಟೆಯ ನಡುವೆ 1999ರಿಂದ ಅವನ ಪ್ರತಿಮೆಯೂ ಇದೆ.

ಇಷ್ಟೊಂದು ಪ್ರೀತಿ ಇಲ್ಲಿ ಎಲ್ಲರಿಗೂ ದೊರೆಯುವುದಿಲ್ಲ ಎಂಬುದನ್ನೂ ಹೇಳಬೇಕು. ರ‍್ಯಾವೆಲ್ ಮಾರಿಸನ್ ಎಂಬ ಹುಡುಗ 2011ರಲ್ಲಿ ಮುಂದೆ ಹೆಸರು ಮಾಡಿದ ಪಾಲ್ ಪೋಗ್ಬಾ ಜೊತೆ ಯುನೈಟೆಡ್‌ಗೆ ಕಿರಿಯರ ಕಪ್ ಗೆದ್ದುಕೊಟ್ಟವನು. ಮರುವರ್ಷದ ಜನವರಿಯಲ್ಲೇ ಅವನನ್ನು ವೆಸ್ಟ್ ಹ್ಯಾಮ್‌ಗೆ ಮಾರಲಾಯಿತು, ಮುಂದೆ ಅವನು ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದ. ಅವನ ಹೆಸರೆತ್ತಿದರೆ ಅಭಿಮಾನಿಗಳು ಸಾಲ ಕೊಟ್ಟು ಕಳೆದುಕೊಂಡವರಂತೆ ಮಾತನಾಡುತ್ತಾರೆ. ಸತ್ತವನ ಪ್ರತಿಭೆಗೆ ಕಣ್ಣೀರು, ಬದುಕಿರುವವನ ಪ್ರತಿಭೆಗೆ ಬೈಗುಳ. ಇನ್ನು ಒಂಬತ್ತನೆಯ ವಯಸ್ಸಿಗೆ ಕ್ಲಬ್ಬುಗಳ ಅಕಾಡೆಮಿ ಸೇರಿ ಹದಿನಾರರ ಹೊತ್ತಿಗೆ ಹೊರಬೀಳುವ ಮಕ್ಕಳನ್ನು ಯಾರೂ ನೆನೆಯುವುದಿಲ್ಲ. ತಾತನ ಮೊಮ್ಮಗನೂ ಅವರಲ್ಲಿ ಒಬ್ಬ. ನಿನ್ನ ಅಗತ್ಯವಿಲ್ಲ ಎಂದು ಕ್ಲಬ್ಬಿನಿಂದ ಪತ್ರ ಬಂದ ಮೇಲೆ ಅವನು ಎಷ್ಟೋ ತಿಂಗಳು ಟಿವಿಯಲ್ಲಿ ಕೂಡ ಫುಟ್‌ಬಾಲ್ ನೋಡಲಿಲ್ಲವಂತೆ.

ತಾತ ಹೇಳಿದ ಕಥೆಗಳಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಏಡ್ರಿಯನ್ ಡೋಹರ್ಟಿಯದು. ಉತ್ತರ ಐರ್ಲೆಂಡಿನ ಸ್ಟ್ರಬೇನ್ ಎಂಬ ಊರಿನಿಂದ ಮ್ಯಾಂಚೆಸ್ಟರಿಗೆ ಬಂದ ಆ ಹುಡುಗ ರಯನ್ ಗಿಗ್ಸ್‌ನ ಓರಗೆಯವನು. ಗಿಟಾರ್ ನುಡಿಸುತ್ತಿದ್ದ, ಕವಿತೆ ಬರೆಯುತ್ತಿದ್ದ, ಮೈದಾನದ ಅಂಚಿನಲ್ಲಿ ಓಡಲು ನಿಂತರೆ ಅವನನ್ನು ಹಿಡಿಯುವವರಿರಲಿಲ್ಲ. ಮೊದಲ ತಂಡದ ಬಾಗಿಲಲ್ಲಿದ್ದಾಗಲೇ, 1991ರಲ್ಲಿ, ಹದಿನೇಳರ ಪ್ರಾಯದಲ್ಲಿ ಮಂಡಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿಯಿತು. ಗಿಗ್ಸ್ ಜಗತ್ತಿಗೇ ಪರಿಚಿತನಾದ, ಡೋಹರ್ಟಿ ಮತ್ತೆ ಆ ಮಟ್ಟಕ್ಕೆ ಬರಲೇ ಇಲ್ಲ. 2000ದಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಕಾಲುವೆಗೆ ಬಿದ್ದು, ಇಪ್ಪತ್ತೇಳು ತುಂಬುವ ಮೊದಲೇ ತೀರಿಕೊಂಡ.

ಮಂಡಿಯ ಲಿಗಮೆಂಟ್ ಎಂದ ಕೂಡಲೇ ನನಗೆ ಪಾಂಡವಪುರ ತಾಲ್ಲೂಕಿನ ನಮ್ಮೂರು ನೆನಪಾಗುತ್ತದೆ. ನಮ್ಮ ಬೀದಿಯಲ್ಲಿ, ನನಗಿಂತ ನಾಲ್ಕೈದು ವರ್ಷ ದೊಡ್ಡವನಾದ ಒಬ್ಬ ಕಬಡ್ಡಿ ರೈಡರ್ ಇದ್ದ. ಕಬಡ್ಡಿಗೆ ಹಾಸುವ ಮ್ಯಾಟ್ ಇನ್ನೂ ಹಳ್ಳಿಗಳಿಗೆ ಬಂದಿರದ ಕಾಲ ಅದು. ನಾಲೆಯ ಪಕ್ಕದ ಬಯಲಿನಲ್ಲಿ ಮಣ್ಣು ಹದಮಾಡಿ ಅಂಕಣ ಹಾಕಿ, ಬಿದಿರುಗಳಕ್ಕೆ ಟ್ಯೂಬ್‌ಲೈಟ್ ಕಟ್ಟಿ ನಡೆಸುತ್ತಿದ್ದ ಹೊನಲು ಬೆಳಕಿನ ಪಂದ್ಯಾವಳಿಗೆ ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆ ಕಡೆಯಿಂದೆಲ್ಲ ತಂಡಗಳು ಬರುತ್ತಿದ್ದವು. ಕಬ್ಬಿನ ಟ್ರ್ಯಾಕ್ಟರುಗಳ ಮೇಲೆ ಹತ್ತಿ ನಿಂತು ಜನ ಬೆಳಗಿನ ಜಾವದವರೆಗೂ ನೋಡುತ್ತಿದ್ದರು. ಒಂದು ಫೈನಲ್‌ನಲ್ಲಿ ನಮ್ಮ ತಂಡ ಎರಡು ಪಾಯಿಂಟ್ ಹಿಂದಿದ್ದಾಗ, ಕೊನೆಯ ರೈಡಿಗೆ ಅವನು ಹೋದ. ಮೂಲೆಯವನು ಕಣಕಾಲು ಹಿಡಿದ, ಒಳಗಿನಿಂದ ಇಬ್ಬರು ಸೊಂಟಕ್ಕೆ ಬಿದ್ದರು. ಮೂವರನ್ನೂ ಮೈಮೇಲೆ ಹೊತ್ತುಕೊಂಡೇ, ಉಸಿರು ಬಿಡದೆ, ತಿರುಗಿ ಬಿದ್ದ ಅವನ ಬೆರಳುಗಳು ಮಧ್ಯದ ಗೆರೆಯನ್ನು ಮುಟ್ಟಿದವು. ಮೂವರೂ ಔಟ್. ನಾನು ಅಪ್ಪನ ಭುಜದ ಮೇಲಿದ್ದೆ. ಆಮೇಲೆ ಟಿವಿಯಲ್ಲಿ ಎಷ್ಟೋ ದೊಡ್ಡ ರೈಡರುಗಳನ್ನು ನೋಡಿದ್ದೇನೆ, ಅದಕ್ಕಿಂತ ಮೇಲಾದ ರೈಡನ್ನು ನೋಡಿಲ್ಲ.

ರಾಜ್ಯದ ಕಿರಿಯರ ತಂಡದ ಆಯ್ಕೆ ಶಿಬಿರಕ್ಕೆ ಅವನಿಗೆ ಕರೆ ಬಂದಿತ್ತು. ಹೊರಡುವ ಮೊದಲು ಬೇರೊಂದು ಊರಿನ ಪಂದ್ಯದಲ್ಲಿ, ಕಾಲು ಹಿಡಿತಕ್ಕೆ ಸಿಕ್ಕಿದ್ದಾಗ ಮೈ ತಿರುಗಿಸಲು ಹೋಗಿ ಮಂಡಿ ಹೋಯಿತು. ಮನೆಯವರು ನಾಟಿ ವೈದ್ಯರ ಹತ್ತಿರ ಕರೆದೊಯ್ದು ಕಟ್ಟು ಹಾಕಿಸಿದರು. ಕೀಲಿನೊಳಗೆ ಪೂರ್ತಿ ಹರಿದ ಆ ಲಿಗಮೆಂಟ್ ಕಟ್ಟಿನಿಂದ ಸಾಮಾನ್ಯವಾಗಿ ಕೂಡಿಕೊಳ್ಳುವುದಿಲ್ಲ, ಮತ್ತೆ ಆಡಬೇಕಾದರೆ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಶಸ್ತ್ರಚಿಕಿತ್ಸೆಯಿಂದಲೇ ಕೂರಿಸಬೇಕು ಎಂದು ಹೇಳುವವರು ಊರಿನಲ್ಲಿ ಯಾರಿದ್ದರು? 2014ರಲ್ಲಿ ಪ್ರೊ ಕಬಡ್ಡಿ ಶುರುವಾಗಿ ರೈಡರುಗಳು ಮನೆಮಾತಾಗುವ ಹೊತ್ತಿಗೆ ಅವನು ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲ ತೆಗೆಯುತ್ತಿದ್ದ. ಈಗಲೂ ಅದೇ ಕೆಲಸ.

ಊರಿನಲ್ಲಿ ಅವನ ವಿಷಯ ಬಂದರೆ ಕೇಳುವ ಮಾತು ಒಂದೇ: "ಅಷ್ಟು ಆಡಿ ಏನ್ ಬಂತು, ಒಂದು ಕೆಲ್ಸ ಸಿಕ್ತಾ?" ಈ ಪ್ರಶ್ನೆ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತು. ಎರಡು ಎಕರೆ ಕಬ್ಬು, ತಿಂಗಳುಗಟ್ಟಲೆ ಬಾರದ ಕಾರ್ಖಾನೆಯ ಬಾಕಿ, ಇವುಗಳ ನಡುವೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಸಿಗುವ ನೌಕರಿ ಒಂದು ಮನೆಯನ್ನೇ ಎತ್ತಿ ನಿಲ್ಲಿಸುತ್ತದೆ. ಮಗನ ಆಟ ನೌಕರಿಯಾಗಲಿ ಎಂದು ಬಯಸುವ ತಂದೆಯನ್ನು ದೂರದಲ್ಲಿ ಕುಳಿತು ದೂರುವ ಹಕ್ಕು ನನಗಿಲ್ಲ. ಆದರೆ ನೌಕರಿ ಸಿಗದಿದ್ದ ಮಾತ್ರಕ್ಕೆ ಆ ರಾತ್ರಿಯ ರೈಡ್ ಕೂಡ ನಡೆದೇ ಇಲ್ಲ ಎಂಬಂತೆ ನಾವು ಬದುಕುತ್ತಿರುವುದು ನನಗೆ ಸಹಿಸಲಾಗುತ್ತಿಲ್ಲ. ಇಂದಿಗೂ ನಮ್ಮಲ್ಲಿ ಪಂದ್ಯಾವಳಿ ನಡೆಯುವುದು ಯಾರದೋ ಸ್ಮರಣಾರ್ಥ, ಯಾರದೋ ಹುಟ್ಟುಹಬ್ಬದ ಪ್ರಯುಕ್ತ. ಫ್ಲೆಕ್ಸಿನ ತುಂಬ ಮುಖಂಡರ, ದಾನಿಗಳ ಮುಖಗಳು. ಅದೇ ಅಂಕಣದಲ್ಲಿ ಊರಿಗೆ ಊರನ್ನೇ ಎದ್ದು ನಿಲ್ಲಿಸಿದವನ ಒಂದು ಚಿತ್ರವೂ ಅದರಲ್ಲಿ ಇರುವುದಿಲ್ಲ.

ಸ್ಮಶಾನದಿಂದ ಬಂದ ವಾರ ತಮ್ಮನಿಂದ ನಂಬರ್ ಪಡೆದು ಅವನಿಗೆ ಫೋನ್ ಮಾಡಿದೆ. ಕಷ್ಟಸುಖ ಕೇಳಿ, ಆ ಫೈನಲ್ಲಿನ ಮಾತೆತ್ತಿದೆ. "ಮೂವರಲ್ಲ ಕಣವ್ವ, ನಾಲ್ವರು. ನಾಲ್ಕನೆಯವನನ್ನು ಹೋಗುವಾಗಲೇ ಮುಟ್ಟಿದ್ದೆ, ಅಂಪೈರ್ ಕೊಡಲಿಲ್ಲ" ಎಂದ. ಎಡಮೂಲೆಯಲ್ಲಿ ಯಾರಿದ್ದರು, ಯಾರ ಕೈ ಮೊದಲು ಸಡಿಲವಾಯಿತು ಎಂದು ಒಂದೊಂದನ್ನೂ ಬಿಡದೆ ಹೇಳಿದ. ಆಯ್ಕೆ ಶಿಬಿರದ ಬಗ್ಗೆ, ಮಂಡಿಯ ಬಗ್ಗೆ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮೂರಿನ ಯುವಕರು ಈ ಬೇಸಿಗೆಗೆ ಮತ್ತೆ ಪಂದ್ಯಾವಳಿ ಇಟ್ಟುಕೊಂಡಿದ್ದಾರೆ, ಹಣ ಕೂಡಿಸುವವರಲ್ಲಿ ನನ್ನ ತಮ್ಮನೂ ಇದ್ದಾನೆ. ನನ್ನ ಪಾಲಿನ ಹಣದ ಜೊತೆ ಒಂದು ಕೋರಿಕೆಯನ್ನೂ ಕಳಿಸಿದ್ದೇನೆ: ಮೊದಲ ಪಂದ್ಯಕ್ಕೆ ಮುನ್ನ ಅವನನ್ನೂ, ಅವನ ಜೊತೆ ಆಡಿದವರನ್ನೂ ಅಂಕಣಕ್ಕೆ ಕರೆದು, ಅವರು ಆಡಿದ ಆಟವನ್ನು ಮೈಕಿನಲ್ಲಿ ವಿವರವಾಗಿ ಹೇಳಬೇಕು. ಹೇಳಲು ಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಮೂರ್ನಾಲ್ಕು ಜನ ಇದ್ದಾರೆ. ಮುಖಂಡರ ಭಾಷಣಕ್ಕೆ ಹೊತ್ತು ಸಾಲುವುದಿಲ್ಲ ಎಂದು ತಮ್ಮ ಅನುಮಾನಿಸುತ್ತಿದ್ದಾನೆ. ಭಾಷಣ ಪಂದ್ಯ ಮುಗಿದ ಮೇಲಾಗಲಿ ಎಂದು ಹೇಳಿದ್ದೇನೆ.