ಕಣ್ಣಿನ ಗೂಡಿನ ರಿಪೇರಿ

ಕಣ್ಣು ತೆಗೆದ ಮೇಲೆ ಗೂಡಿನೊಳಗೆ ಒಂದು ಗುಂಡು ಕೂರಿಸುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ 20-22 ಮಿಲಿಮೀಟರ್. ಹೊರಗೆ ಕಾಣುವ ಕೃತಕ ಕಣ್ಣು ಬೇರೆ, ಅದು ಮುಂದೆ ಕೂರುವ ಚಿಪ್ಪು. ನೆಂಟರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ನನ್ನದು ಹವಳದಿಂದ ಮಾಡಿದ ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥ ಖನಿಜ) ಗುಂಡು. ಮೈತುಂಬ ಸಣ್ಣ ತೂತು. ಅದರೊಳಗೆ ರಕ್ತನಾಳಗಳು ಬೆಳೆಯುತ್ತವೆ, ಒಳ್ಳೆಯದೇ. ಆದರೆ ಮೈ ಒರಟು. ಮೇಲಿನ ಪೊರೆ ಸವೆದರೆ ಗುಂಡು ಇಣುಕುತ್ತದೆ. ನನಗೂ ಹಾಗೇ ಆಯಿತು. ಮೊದಲು ಗೀಜು ಜಾಸ್ತಿಯಾಯಿತು, ಆಮೇಲೆ ಚಿಪ್ಪಿನ ಹಿಂದೆ ರಕ್ತದ ಕಲೆ.

ಚಿಕ್ಕದಾಗಿ ಬಾಯಿ ಬಿಟ್ಟಿದ್ದರೆ ನೇತ್ರ ಬ್ಯಾಂಕಿನಿಂದ ತಂದ, ದಾನಿಯ ಕಣ್ಣುಗುಡ್ಡೆಯ ಬಿಳಿ ಹೊರಪದರದ ತೇಪೆ ಹಾಕಬಹುದು. ಸೋಂಕು ಗುಂಡಿನೊಳಗೇ ಹೊಕ್ಕಿದ್ದರೆ ಸಾಮಾನ್ಯವಾಗಿ ಅದನ್ನೇ ತೆಗೆಯಬೇಕು. ನನ್ನದು ಎರಡನೆಯ ಕೇಸು. ಬದಲಿಗೆ ಕುಂಡೆಯಿಂದ ಒಳಚರ್ಮ, ಅದಕ್ಕಂಟಿದ ಕೊಬ್ಬು ಎರಡನ್ನೂ ಒಟ್ಟಿಗೆ ತೆಗೆದು ಗೂಡಿಗೆ ಹೊಲಿದರು. "ಇನ್ಮೇಲೆ ಕೂತ ಜಾಗದಿಂದಲೇ ನೋಡ್ತೀಯಾ ಬಿಡು" ಅಂತ ಅಕ್ಕ ಬಿದ್ದು ಬಿದ್ದು ನಕ್ಕಳು.

ಆ ಕೊಬ್ಬು ಸ್ವಲ್ಪ ಕರಗುತ್ತದಂತೆ. ಅದಕ್ಕೇ ಡಾಕ್ಟರು ತುಸು ಜಾಸ್ತಿಯೇ ಇಟ್ಟಿದ್ದಾರೆ. ಸದ್ಯಕ್ಕೆ ಗೂಡಿನ ಆಕಾರ ಕೆಡದಿರಲಿ ಅಂತ ಕನ್ಫಾರ್ಮರ್ ಅನ್ನೋ ತಾತ್ಕಾಲಿಕ ಪ್ಲಾಸ್ಟಿಕ್ ಚಿಪ್ಪು ಇದೆ. ಊತ ಇಳಿದ ಮೇಲೆ ಹೊಸ ಚಿಪ್ಪಿಗೆ ಅಳತೆ. ಕಣ್ಣಿಗಿಂತ ಕೆಳಗಿನ ಹೊಲಿಗೆಯದ್ದೇ ನೋವು ಜಾಸ್ತಿ. ಇದನ್ನೂ ನಿಂತುಕೊಂಡೇ ಟೈಪ್ ಮಾಡುತ್ತಿದ್ದೇನೆ.